ಹುಲಿಗೆ ಬಣ್ಣ ಬಳಿದವರಿಗೆ

ಪ್ರಾಂತ್ಯದ ಸ್ಮಾರಕ ಸಂರಕ್ಷಣಾ ಕಚೇರಿಯ ಮಾನ್ಯ ನಿರ್ದೇಶಕರೇ,

ನಿಮ್ಮ ಕಚೇರಿ ಗ್ರೈಂಡರ್ ಹಿಡಿಸಿ ನನ್ನ ಸೋದರತ್ತೆಯ ಹೆಸರನ್ನು ಉಜ್ಜಿ ತೆಗೆಸಿದೆ. ಅವಳನ್ನು ಕೊಂದ ಟ್ಯಾಂಕಿಗೆ ಹೊಸ ಬಣ್ಣ ಹೊಡೆಸಿದೆ. ನನ್ನ ದೂರು ಇಷ್ಟೇ. ಇದನ್ನು ನಿಮಗೆ ಖಾಸಗಿಯಾಗಿ ಎರಡು ಬಾರಿ ಬರೆದು ತಿಳಿಸಿದೆ. ಎರಡು ಬಾರಿಯೂ "ಪರಂಪರೆಯ ಬಗ್ಗೆ ತಾವು ತೋರಿದ ಆಸಕ್ತಿಗೆ ಕೃತಜ್ಞತೆಗಳು" ಎಂಬ ಒಂದೇ ಉತ್ತರ ಬಂತು. ನನ್ನದು ಆಸಕ್ತಿಯಲ್ಲ ಸ್ವಾಮಿ, ಅಸಹ್ಯ. ಎರಡಕ್ಕೂ ಇರುವ ವ್ಯತ್ಯಾಸ ನಿಮ್ಮ ಕಚೇರಿಗೆ ತಿಳಿಯದ ಕಾರಣ ಪತ್ರಿಕೆಯಲ್ಲಿ, ಎಲ್ಲರೂ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ.

ಮಾರ್ಲಿಯೆಯಿಂದ ಪ್ರಾರ್ಥನಾ ಮಂದಿರದ ದಿಬ್ಬಕ್ಕೆ ಹತ್ತುವ ರಸ್ತೆಯ ಬದಿಯಲ್ಲಿ, ಒಂದು ಪಕ್ಕ ಚರಂಡಿಗೆ ವಾಲಿಕೊಂಡು ಆ ವಸ್ತು ಎಂಬತ್ತು ವರ್ಷದಿಂದ ನಿಂತಿದೆ. ಐವತ್ತೇಳು ಟನ್ ತೂಕದ ಜರ್ಮನ್ ಟ್ಯಾಂಕು. ಅದನ್ನು ತಯಾರಿಸಿದವರು ಅದಕ್ಕೆ ಹುಲಿ ಎಂದು ಹೆಸರಿಟ್ಟರು. ನೀವೂ ಅದೇ ಹೆಸರನ್ನು ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿ ನೆಟ್ಟಿದ್ದೀರಿ: "ಮಾರ್ಲಿಯೆಯ ಹುಲಿ". ಮಾರ್ಲಿಯೆಯಲ್ಲಿ ಹುಟ್ಟಿದ ಒಬ್ಬರೂ ಅದನ್ನು ಹಾಗೆ ಕರೆದದ್ದನ್ನು ನನ್ನ ಎಪ್ಪತ್ತೊಂದು ವರ್ಷದಲ್ಲಿ ನಾನು ಕೇಳಿಲ್ಲ. ನಮಗೆ ಅದು ಹಂದಿ. "ಹಂದಿಯ ಹತ್ತಿರ ಎಡಕ್ಕೆ ತಿರುಗಿ" ಎಂದೇ ನಾವು ದಾರಿ ಹೇಳುವುದು. ಈ ಹೆಸರನ್ನು ಇಟ್ಟವರು ನನ್ನ ಅಜ್ಜಿ ಲಿಯೋಂತೀನ್. ಆ ಟ್ಯಾಂಕು ಇವತ್ತು ಅಲ್ಲಿ ಉಳಿದಿರುವುದೂ ಆಕೆಯಿಂದಲೇ. ನಿಮ್ಮ ಹಲಗೆಯಲ್ಲಿ ಎಂಜಿನಿನ ಅಶ್ವಶಕ್ತಿ ಇದೆ, ಉಕ್ಕಿನ ದಪ್ಪ ಇದೆ, ಫಿರಂಗಿ ಕೊಳವೆಯ ಉದ್ದ ಇದೆ. ಆಕೆಯ ಬಗ್ಗೆ ಒಂದಕ್ಷರವಿಲ್ಲ. ಹಾಗಾಗಿ ನಾನೇ ಹೇಳಬೇಕಾಗಿದೆ.

ನಲವತ್ತನಾಲ್ಕರ ಆಗಸ್ಟ್ ತಿಂಗಳು. ಜರ್ಮನರು ಫ್ರಾನ್ಸ್ ಬಿಟ್ಟು ಪೂರ್ವಕ್ಕೆ ಓಡುತ್ತಿದ್ದರು. ನಮ್ಮಜ್ಜಿಯ ಮನೆ ದಿಬ್ಬದ ಕೆಳಗೆ, ಹಸುಗಳು ಮೇಯುವ ಹುಲ್ಲುಗಾವಲು ದಿಬ್ಬದ ಆಚೆ. ಹಸುವಿಗೆ ಯುದ್ಧ ತಿಳಿಯುವುದಿಲ್ಲ, ಕೆಚ್ಚಲು ತುಂಬಿದರೆ ಕರೆಯಲೇಬೇಕು. ಅತ್ತೆ ಅಲ್ಫೋನ್ಸಿನ್ ಹತ್ತೊಂಬತ್ತು ವರ್ಷದವಳು. ಆ ದಿನ ಬೆಳಗ್ಗೆ ಅವಳು ಕತ್ತೆಯ ಎರಡೂ ಪಕ್ಕಕ್ಕೆ ತಾಮ್ರದ ಹಾಲಿನ ಕ್ಯಾನು ಕಟ್ಟಿಕೊಂಡು ಹುಲ್ಲುಗಾವಲಿಗೆ ಹೋದಳು. ಅವಳು ಹಾಲು ಕರೆಯುತ್ತಿದ್ದಾಗ ಆ ಟ್ಯಾಂಕು ಬಂದು ರಸ್ತೆಯ ಬದಿಯಲ್ಲಿ ನಿಂತಿತು. ಪೆಟ್ರೋಲು ಮುಗಿದಿತ್ತು. ಹಿಂದಿರುಗುವಾಗ ಅವಳು ಬೇಲಿಯ ತಿರುವು ದಾಟಿ ರಸ್ತೆಗೆ ಬಂದಳು, ಅಷ್ಟೇ. ಮುಂಭಾಗದ ಮಷಿನ್‌ಗನ್ ಹೊಡೆಯಿತು. ಮೊದಲು ಕತ್ತೆ ಬಿತ್ತು, ಆಮೇಲೆ ಅವಳು. ಅಜ್ಜಿ ಮನೆಯ ಗೇಟಿನಿಂದ ಅದನ್ನು ಕಂಡರು. ಹಾಲು ಇಳಿಜಾರಿನಲ್ಲಿ ಹರಿದು ತಮ್ಮ ಕಾಲ ಬಳಿಯವರೆಗೂ ಬಂತು ಎನ್ನುತ್ತಿದ್ದರು. ಅಷ್ಟು ದೂರ ಬರಲು ಸಾಧ್ಯವಿಲ್ಲ ಎಂದು ನಮ್ಮಪ್ಪ ಒಮ್ಮೆ ನನಗೆ ಮೆಲ್ಲಗೆ ಹೇಳಿದ್ದ. ಅಜ್ಜಿಯ ಎದುರಿಗೆ ಎಂದೂ ಹೇಳಲಿಲ್ಲ.

ಸೈನಿಕರು ಇಳಿದರು. ಎಂಜಿನಿಗೆ ಸಿಡಿಮದ್ದು ಇಟ್ಟು ಹಾರಿಸಿದರು. ನಡೆದುಕೊಂಡೇ ಹೊರಟರು. ಅವರಲ್ಲೊಬ್ಬ ನಮ್ಮ ಗೇಟಿನ ಬಳಿ ನಿಂತು, ಅಲ್ಲಿದ್ದ ಬಕೆಟ್ಟಿನಿಂದ ಬೊಗಸೆಯಲ್ಲಿ ನೀರು ಕುಡಿದ. ಮುಖ ಒರೆಸಿಕೊಂಡು ನಮ್ಮ ಭಾಷೆಯಲ್ಲೇ "ಮೆರ್ಸಿ, ಮದಾಮ್" ಅಂದ. ಗುಂಡನ್ನು ಕ್ಷಮಿಸಬಹುದಿತ್ತೋ ಏನೋ, ಆ ಕೃತಜ್ಞತೆಯನ್ನು ಅಜ್ಜಿ ಸಾಯುವ ತನಕ ಕ್ಷಮಿಸಲಿಲ್ಲ.

ನಮ್ಮಪ್ಪ ಫೆರ್ನಾಂ ಆಗ ಊರಲ್ಲಿರಲಿಲ್ಲ. ಆತ ಕಮ್ಮಾರ. ಬಲವಂತದ ಕೂಲಿಗೆಂದು ಜರ್ಮನಿಯ ಕಾರ್ಖಾನೆಗೆ ಎಳೆದೊಯ್ದಿದ್ದರು. ವಿದ್ಯುತ್ ಬೆಸುಗೆಯ ಕೆಲಸ ಅವನಿಗೆ ಕಲಿಸಿದ್ದು ಅವರೇ. ಮರುವರ್ಷ ಬೇಸಿಗೆಯ ಹೊತ್ತಿಗೆ ಮನೆಗೆ ಬಂದಾಗ ತಂಗಿ ಮಣ್ಣಾಗಿದ್ದಳು, ಹಂದಿ ದಿಬ್ಬದ ಮೇಲಿತ್ತು.

ಗುಜರಿ ವ್ಯಾಪಾರಿಗಳು ಬಂದರು. ಯುದ್ಧ ಮುಗಿದ ಆ ದಿನಗಳಲ್ಲಿ ಹೊಲಗಳಲ್ಲಿ ಬಿದ್ದ ಉಕ್ಕನ್ನೆಲ್ಲ ಕತ್ತರಿಸಿ ಒಯ್ಯುತ್ತಿದ್ದರು. ಸುತ್ತಲಿನ ಊರುಗಳಲ್ಲಿ ಇಂಥ ಟ್ಯಾಂಕುಗಳು ಎಷ್ಟೋ ಇದ್ದವು, ಎಲ್ಲವೂ ಹಾಗೇ ಹೋದವು. ನಮ್ಮ ದಿಬ್ಬಕ್ಕೆ ಬಂದವನು ಒಳ್ಳೆಯ ಮನುಷ್ಯನೇ. ಉಕ್ಕು ಕೊಯ್ಯುವ ಗ್ಯಾಸ್ ಸಿಲಿಂಡರು ಇಳಿಸುವ ಮೊದಲು ಬಂದು ಅಜ್ಜಿಯ ಬಳಿ ಟೋಪಿ ತೆಗೆದು ನಿಂತ.

"ಅಮ್ಮಾ, ಈ ದರಿದ್ರ ನಿಮ್ಮ ಕಣ್ಣೆದುರಿಗೆ ಯಾಕೆ? ನಾನು ತಗೊಂಡ್ಹೋಗಿಬಿಡ್ತೀನಿ. ನಿಮಗೂ ನೆಮ್ಮದಿ."

"ನನಗೆ ನೆಮ್ಮದಿ ಬೇಕು ಅಂತ ನಿನಗೆ ಯಾರಪ್ಪ ಹೇಳಿದ್ದು?"

"ಅಲ್ಲ, ಕರಗಿಸಿಬಿಟ್ರೆ ಅದರ ಹೆಸರೇ ಉಳಿಯಲ್ಲ."

"ಅದಕ್ಕೇ ಬೇಡ ಅಂದಿದ್ದು. ಕರಗಿಸಿದ್ರೆ ನಾಳೆ ಅದು ಬಾಣಲೆ ಆಗತ್ತೆ, ಬಾಗಿಲ ಚಿಲಕ ಆಗತ್ತೆ. ಯಾರದೋ ಅಡುಗೆಮನೇಲಿ ಮರ್ಯಾದಸ್ಥರ ಥರ ಕೂತಿರತ್ತೆ. ಎಲ್ಲಿಗೂ ಹೋಗಕೂಡದು ಅದು. ಇಲ್ಲೇ ನಿಂತು ತಾನು ಮಾಡಿದ್ದನ್ನ ನೋಡ್ತಾ ಇರ್ಲಿ."

ಅವನು ಹೊರಟುಹೋದ. ಅಜ್ಜಿ ಮಗನ ಕಡೆ ತಿರುಗಿ, ಇದು ಯಾಕೆ ನಿಂತಿದೆ ಅಂತ ಇದರ ಮೈಮೇಲೇ ಬರೆದುಬಿಡು ಎಂದರು. ಊರನ್ನು ಬಿಡಿಸಲು ಬಂದ ಕೆನಡಾದ ಸೈನಿಕರು ಬಿಟ್ಟುಹೋದ ಒಂದು ಜನರೇಟರು ಅಪ್ಪನ ಕುಲುಮೆಯಲ್ಲಿತ್ತು. ಅದನ್ನು ಗಾಡಿಯಲ್ಲಿ ದಿಬ್ಬಕ್ಕೆ ಎಳೆದೊಯ್ದ.

"ಏನಂತ ಬರೀಲಿ? ಕೊಂದ್ರು ಅಂತಲಾ?"

"ಅವಳು ಏನ್ ಮಾಡ್ತಿದ್ಳೋ ಅದನ್ನ ಬರಿ. ಅವರು ಏನ್ ಮಾಡಿದ್ರು ಅಂತ ಆ ಗನ್ನೇ ಹೇಳತ್ತೆ."

ಅಪ್ಪ ಬೆಸುಗೆಯ ಕಡ್ಡಿ ಕರಗಿಸಿ, ಅಂಗೈ ಅಗಲದ ಉಬ್ಬಕ್ಷರಗಳಲ್ಲಿ ಟ್ಯಾಂಕಿನ ಪಕ್ಕೆಯ ಮೇಲೆ ಬರೆದ: "ಅಲ್ಫೋನ್ಸಿನ್ ಲೆಕೂರ್, ಹತ್ತೊಂಬತ್ತು ವರ್ಷ. ಹಾಲು ತರುತ್ತಿದ್ದಳು." ಜರ್ಮನರು ಕಲಿಸಿದ ಕೆಲಸದಿಂದ ಜರ್ಮನರ ಉಕ್ಕಿನ ಮೇಲೆ. ಕಣ್ಣು ಮುಚ್ಚಿ ಕೈಯಾಡಿಸಿದರೂ ಓದಬಹುದಾಗಿತ್ತು. ನಾನು ಅಕ್ಷರ ಕಲಿತದ್ದೇ ಆ ಸಾಲಿನ ಮೇಲೆ ಬೆರಳಿಟ್ಟು.

ಆಮೇಲೆ ಏನಾಯಿತು ಎನ್ನುವುದನ್ನು ನೀವು ಗಮನವಿಟ್ಟು ಓದಬೇಕು. ಏಕೆಂದರೆ ಸಂರಕ್ಷಣೆ ಎನ್ನುವ ಪದದ ಮೇಲೆ ನಿಮ್ಮ ಸಂಬಳ ನಡೆಯುತ್ತದೆ. ಮಾರ್ಲಿಯೆಯ ಜನ ಆ ಹಂದಿಯನ್ನು ದ್ವೇಷದಿಂದ ಸಾಕಿದರು, ಮತ್ತು ಚೆನ್ನಾಗಿ ಸಾಕಿದರು. ಅಜ್ಜಿ ಅದರ ಕೊಳವೆಯ ಮೇಲೆ ಒಗೆದ ಒಳಬಟ್ಟೆ ಒಣಹಾಕುತ್ತಿದ್ದರು. ಬೇಕೆಂದೇ ಒಳಬಟ್ಟೆ. ಕೋಳಿಗಳು ಅದರ ಹೊಟ್ಟೆಯಡಿ ಮೊಟ್ಟೆ ಇಡುತ್ತಿದ್ದವು. ಪ್ರತಿ ಶರತ್ಕಾಲದಲ್ಲಿ ಸೇಬು ಅರೆದು ಸೈಡರ್ ಪೀಪಾಯಿಗೆ ತುಂಬಿದ ಮೇಲೆ ಊರವರೆಲ್ಲ ಟ್ರ್ಯಾಕ್ಟರಿನ ಹಳೆ ಎಣ್ಣೆ ತಂದು ಪೊರಕೆಯಿಂದ ಅದರ ಮೈಗೆ ಬಳಿಯುತ್ತಿದ್ದೆವು. ಮೇಲೊಂದು ಟಾರ್ಪಾಲು ಬಿಗಿಯುತ್ತಿದ್ದೆವು. ಯಾಕಿಷ್ಟು ಉಪಚಾರ ಎಂದು ಪಕ್ಕದೂರಿನವರು ನಕ್ಕರೆ ಅಪ್ಪ ಹೇಳುತ್ತಿದ್ದ: "ತುಕ್ಕು ಹಿಡಿದು ಸಾಯೋದು ಸುಲಭ. ಆ ಸುಖ ಅದಕ್ಕೆ ಕೊಡಲ್ಲ." ಹೀಗೆ ಐವತ್ತು ವರ್ಷ. ಸರ್ಕಾರದಿಂದ ಒಂದು ಡಬ್ಬಿ ಎಣ್ಣೆಯನ್ನೂ ನಾವು ಕೇಳಿದ್ದಿಲ್ಲ.

ಆಮೇಲೆ ನಿಮ್ಮ ಕಚೇರಿಗೆ ಅದರ ಮೇಲೆ ಪ್ರೀತಿ ಹುಟ್ಟಿತು. ಸಂರಕ್ಷಿತ ಸ್ಮಾರಕ ಎಂದು ಘೋಷಿಸಿದಿರಿ. ಬೇಲಿ ಹಾಕಿದಿರಿ. ಎಣ್ಣೆ ಬಳಿಯುವುದು ಶಿಕ್ಷಾರ್ಹ ಎಂದಿರಿ. ಫೋಟೋಗೆ ಅಡ್ಡ ಬರುತ್ತದೆಂದು ಟಾರ್ಪಾಲು ತೆಗೆಸಿದಿರಿ. ನಿಮ್ಮ ಮೂವತ್ತು ವರ್ಷದ ರಕ್ಷಣೆಯ ನಂತರ ಒಳಗೆ ಏನಿದೆ ಎಂದು ನೀವು ಎಂದಾದರೂ ಇಣುಕಿ ನೋಡಿದ್ದೀರಾ? ಮೊಣಕಾಲುದ್ದ ಕಪ್ಪು ನೀರಿದೆ. ಅದರಲ್ಲಿ ಸತ್ತ ಪಾರಿವಾಳಗಳು, ಪ್ರವಾಸಿಗರು ಎಸೆದ ಬಿಯರ್ ಡಬ್ಬಿಗಳು ತೇಲುತ್ತವೆ. ತಳದ ಉಕ್ಕು ಬಿಸ್ಕತ್ತಿನ ಪದರಗಳಂತೆ ಎದ್ದು ಉದುರುತ್ತಿದೆ. ಮುಚ್ಚಳದ ಸಂದಿಯಿಂದ ಬರುವ ವಾಸನೆಗೆ ಮೂಗು ಮುಚ್ಚಿಕೊಂಡೇ ಜನ ಸೆಲ್ಫಿ ತೆಗೆದುಕೊಳ್ಳುತ್ತಾರೆ.

ಈ ವರ್ಷ ಎಂಬತ್ತನೇ ವಾರ್ಷಿಕೋತ್ಸವ ಬಂತು, ಮೇಲಿನಿಂದ ದುಡ್ಡೂ ಬಂತು. ಒಳಗಿನ ನೀರು ಹಾಗೇ ಉಳಿಯಿತು. ಹೊರಗೆ ಮಾತ್ರ ಗುತ್ತಿಗೆದಾರರ ಲಾರಿ ನಿಂತಿತು. ಮರಳು ಊದಿ ಮೈಯೆಲ್ಲ ಕೆರೆದರು, ಉಬ್ಬಕ್ಷರಗಳು ಅದಕ್ಕೆ ಬಗ್ಗದಿದ್ದಾಗ ಗ್ರೈಂಡರ್ ಹಿಡಿದರು. ನಾನು ಓಡಿ ಹೋಗುವಷ್ಟರಲ್ಲಿ ಅತ್ತೆಯ ಹೆಸರು ರಸ್ತೆಯ ಮೇಲೆ ಬೂದುಬಣ್ಣದ ಪುಡಿಯಾಗಿ ಬಿದ್ದಿತ್ತು. ಅಲ್ಲಿ ನಿಮ್ಮ ಕಚೇರಿಯ ಅಧಿಕಾರಿಯೊಬ್ಬರು ಹಳದಿ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದರು. ಬಹಳ ವಿನಯವಂತ ಯುವಕ.

"ಮದಾಮ್, ಗಾಬರಿಯಾಗಬೇಡಿ. ನಾವು ಅದನ್ನ ಮೂಲಸ್ಥಿತಿಗೆ ತರ್ತಾ ಇದೀವಿ."

"ಯಾವುದಪ್ಪ ಮೂಲಸ್ಥಿತಿ?"

"ನಲವತ್ತನಾಲ್ಕರ ಆಗಸ್ಟ್‌ನಲ್ಲಿ ಹೇಗಿತ್ತೋ ಹಾಗೆ."

"ಆ ಸ್ಥಿತೀಲೇ ಅದು ನಮ್ಮತ್ತೇನ ಕೊಂದಿದ್ದು."

ಅವರು ನಿಜವಾಗಿಯೂ ನೊಂದುಕೊಂಡರು. "ನಿಮ್ಮ ಭಾವನೆ ಅರ್ಥವಾಗತ್ತೆ. ಆದ್ರೆ ಆ ಬರಹ ನಂತರದ ಸೇರ್ಪಡೆ. ನಿಯಮದ ಪ್ರಕಾರ ನಂತರದ ಸೇರ್ಪಡೆಗಳನ್ನ ತೆಗೀಲೇಬೇಕು."

"ಹಂಗಾದ್ರೆ ನೀವು ನಂತರದ ಸೇರ್ಪಡೆ, ನಾನೂ ನಂತರದ ಸೇರ್ಪಡೆ. ಈ ಬಣ್ಣ ಯಾವಾಗಿನದು?"

ಅವರು ಹೆಲ್ಮೆಟ್ ಸರಿಮಾಡಿಕೊಂಡು ಲಾರಿಯ ಕಡೆ ನಡೆದರು. ನಿಮ್ಮ ಬಳಿ ಉತ್ತರ ಇದೆಯೇ, ನಿರ್ದೇಶಕರೇ? ಮರಳಿನ ಬಣ್ಣ ಈ ಜೂನ್ ತಿಂಗಳಿನದು. ಪಕ್ಕೆಯ ಮೇಲಿನ, ಜರ್ಮನ್ ಸೇನೆಯ ಗುರುತಾದ ಕಪ್ಪು ಬಿಳಿ ಶಿಲುಬೆ ಈ ಜೂನ್ ತಿಂಗಳಿನದು, ಅತ್ತೆಯ ಹೆಸರಿದ್ದ ಜಾಗಕ್ಕೇ ಸರಿಯಾಗಿ ಕೂತಿದೆ. ಕೊಳವೆಯ ಸುತ್ತ ಬಿಳಿ ಬಳೆಗಳನ್ನು ಬರೆಸಿದ್ದೀರಿ. ಒಂದೊಂದು ಬಳೆಯೂ ಈ ಟ್ಯಾಂಕು ನಾಶಮಾಡಿದ ಒಂದೊಂದು "ಶತ್ರು" ಟ್ಯಾಂಕಿನ ಲೆಕ್ಕ ಎಂದು ನಿಮ್ಮ ಹಲಗೆ ಹೆಮ್ಮೆಯಿಂದ ವಿವರಿಸುತ್ತದೆ. ಯಾರ ಶತ್ರು? ಆ ಟ್ಯಾಂಕುಗಳಲ್ಲಿ ಬೆಂದು ಸತ್ತ ಹುಡುಗರು ಸಮುದ್ರ ದಾಟಿ ನಮ್ಮನ್ನು ಬಿಡಿಸಲು ಬಂದವರು. ಫ್ರಾನ್ಸಿನ ತೆರಿಗೆ ಹಣದಲ್ಲಿ, ಫ್ರಾನ್ಸಿನ ಕಚೇರಿಯೊಂದು, ಫ್ರಾನ್ಸಿನ ನೆಲದ ಮೇಲೆ ಅವರನ್ನು ಶತ್ರುಗಳೆಂದು ಬರೆದಿದೆ. ಬರೆದವರಿಗಾಗಲಿ ತಿದ್ದಿದವರಿಗಾಗಲಿ ಸಹಿ ಹಾಕಿದವರಿಗಾಗಲಿ ಗಂಟಲಲ್ಲಿ ಏನೂ ಸಿಕ್ಕಿಕೊಳ್ಳಲಿಲ್ಲ. ಅತ್ತೆಗೆ ಬಳೆ ಇಲ್ಲ, ಕತ್ತೆಗೂ ಇಲ್ಲ. ಅವರು ನಿಮ್ಮ ಲೆಕ್ಕಕ್ಕೆ ಬರುವಷ್ಟು ದಪ್ಪ ಉಕ್ಕಿನವರಲ್ಲ.

ಉತ್ಸವದ ದಿನ ನಾನು ಹೋಗಬಾರದಿತ್ತು. ಹೋದೆ. ಸಾಸೇಜು ಹುರಿಯುವ ಅಂಗಡಿ, ಬಲೂನು, ಜರ್ಮನ್ ಸಮವಸ್ತ್ರ ತೊಟ್ಟ ಹವ್ಯಾಸಿಗಳ ಒಂದು ತಂಡ. ನಿಮ್ಮ ಅನುಮತಿಯಿಂದಲೇ ಬಂದವರು. ಕಪ್ಪು ಅಂಗಿಯ ಗುಂಡಿ ಹೊಟ್ಟೆಯ ಮೇಲೆ ಬಿರಿಯುವಂತಿದ್ದ ಒಬ್ಬ ಮಧ್ಯವಯಸ್ಕ ನನ್ನ ಕೈಗೆ ಫೋನು ಕೊಟ್ಟು, "ಅಮ್ಮಾ, ಒಂದು ಫೋಟೋ ತೆಗೀತೀರಾ?" ಎಂದು ಟ್ಯಾಂಕಿಗೆ ಒರಗಿ ನಿಂತ. ಉತ್ತರದ ಯಾವುದೋ ಪಟ್ಟಣದಲ್ಲಿ ದಂತವೈದ್ಯನಂತೆ.

"ಸ್ವಲ್ಪ ಪಕ್ಕಕ್ಕೆ ಸರೀರಿ," ಅಂದೆ.

"ಯಾಕೆ, ಬೆಳಕು ಸರಿಯಿಲ್ವಾ?"

"ಬೆಳಕು ಸರಿಯಾಗೇ ಇದೆ. ನೀವು ನಮ್ಮತ್ತೆ ಮೇಲೆ ಒರಗಿದೀರಿ."

ಅವನು ಹೌಹಾರಿ ಹಿಂದೆ ನೋಡಿದ. "ಇಲ್ಲಿ ಏನೂ ಇಲ್ವಲ್ಲಮ್ಮ."

"ಹೂಂ. ಮೊನ್ನೆವರೆಗೂ ಇತ್ತು."

ಅವನು ಏನೂ ಅರ್ಥವಾಗದೆ ಒಂದು ಹೆಜ್ಜೆ ಸರಿದು ನಿಂತ. ನಾನು ಫೋಟೋ ತೆಗೆದೆ. ಫೋನು ವಾಪಸು ತೆಗೆದುಕೊಳ್ಳುತ್ತಾ ನಗುನಗುತ್ತಾ ಹೇಳಿದ: "ಮೆರ್ಸಿ, ಮದಾಮ್."

ಕೆಟ್ಟವನಲ್ಲ ಆತ. ಅವನಿಗೆ ಆ ಎರಡು ಶಬ್ದ ನಮ್ಮ ಮನೆಯಲ್ಲಿ ಏನು ಎಂದು ಹೇಗೆ ಗೊತ್ತಾಗಬೇಕು? ಗೊತ್ತಾಗದಿರಲೆಂದೇ ನೀವು ಅಷ್ಟು ಕಷ್ಟಪಟ್ಟು ಅಕ್ಷರ ಅಳಿಸಿದ್ದೀರಲ್ಲ. ನಾನು ಬೇಲಿಯ ಆಚೆ ಹೋಗಿ ವಾಂತಿ ಮಾಡಿಕೊಂಡೆ. ಸಾಸೇಜಿನ ವಾಸನೆ ಎಂದುಕೊಂಡು ಯಾರೋ ನೀರು ತಂದುಕೊಟ್ಟರು.

ಮುಂದಿನ ಗುರುವಾರ, ಸಂತೆಯ ದಿನ ಬೆಳಗ್ಗೆ ನಾನು ಗ್ಯಾರೇಜಿನ ಮಾಗಾಲಿಯ ಬಳಿ ಬೆಸುಗೆ ಯಂತ್ರ ಕೇಳಲು ಹೋದೆ. ಮಾಗಾಲಿಗೆ ನಲವತ್ತು ವರ್ಷ, ಬೇರೆ ಊರಿನಿಂದ ಬಂದು ಇಲ್ಲಿ ಗ್ಯಾರೇಜು ನಡೆಸುತ್ತಾಳೆ.

"ನಾನೇ ಬರೆದುಕೊಡ್ಲಾ?" ಅಂದಳು.

"ಬೇಡ. ಹೇಗೆ ಹಿಡೀಬೇಕು ಅಂತ ತೋರಿಸು ಸಾಕು."

"ಹೊಲಸಾಗಿ ಬರತ್ತೆ, ಈಗ್ಲೇ ಹೇಳ್ತೀನಿ."

"ಬರ್ಲಿ. ಸುಂದರವಾಗಿರೋದನ್ನ ಆಗ್ಲೇ ಅವರು ಬಳಿದಾಗಿದೆ."

ಬೇಲಿಯ ಬೀಗವನ್ನು ನಾವು ಮುರಿದೆವು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಾನು ನಲವತ್ತೈದು ವರ್ಷ ಈ ಊರಿನವರ ತಲೆಗೂದಲು ಕತ್ತರಿಸಿದವಳು, ಇದೂ ಕೈಗೆ ಹತ್ತುತ್ತದೆ ಎಂದುಕೊಂಡಿದ್ದೆ. ಹತ್ತಲಿಲ್ಲ. ಕಿಡಿ ಕಂಡರೆ ಕಣ್ಣು ಮುಚ್ಚುತ್ತಿತ್ತು, ಕಡ್ಡಿ ಉಕ್ಕಿಗೆ ಅಂಟಿಕೊಳ್ಳುತ್ತಿತ್ತು. ಶಿಲುಬೆಯ ಬಣ್ಣ ಸುಟ್ಟು ಗುಳ್ಳೆ ಎದ್ದಿತು. ಸಂತೆಗೆ ಹೊರಟಿದ್ದವರು ಒಬ್ಬೊಬ್ಬರಾಗಿ ಗಾಡಿ ನಿಲ್ಲಿಸಿ ನೋಡುತ್ತಾ ನಿಂತರು. ಅತ್ತೆಯ ಹೆಸರಿನ ಕೊನೆಯ ಅಕ್ಷರದಲ್ಲಿದ್ದಾಗ ಜೆಂಡಾರ್ಮ್ ಪೊಲೀಸರ ಜೀಪು ಬಂತು. ಇಳಿದವನು ಕೊರಾಂತಾಂ. ಅವನ ಮೊದಲ ಕೂದಲು ಕತ್ತರಿಸಿದವಳು ನಾನು.

"ಜಿಸ್ಲೇನ್ ಅಮ್ಮ, ಇದೇನು ಮಾಡ್ತಿದೀರಿ?"

"ಬರೀತಿದೀನಿ. ಕಾಣ್ತಿಲ್ವಾ?"

"ಕಾಣ್ತಿದೆ. ನಾನು ನಿಲ್ಲಿಸಬೇಕು."

"ನಿಲ್ಲಿಸು ಮತ್ತೆ. ನಿನ್ನ ಕೆಲಸ ಅಲ್ವಾ."

ಅವನು ಕೈಗವಸು ಬಿಚ್ಚಿ ಜೇಬಿಗೆ ಹಾಕಿಕೊಂಡ. ಆಮೇಲೆ ಹೇಳಿದ: "ಆ ಅಕ್ಷರ ಮುಗಿಸಿ. ಅರ್ಧ ಬಿಟ್ರೆ ಚೆನ್ನಾಗಿರಲ್ಲ."

ಮುಗಿಸಿದೆ. "ಅಲ್ಫೋನ್ಸಿನ್" ಎಂಬುದಷ್ಟೇ ಆಯಿತು, ಸೊಟ್ಟಗೆ, ಎರಡು ಅಕ್ಷರ ಒಂದರ ಮೇಲೊಂದು ಹತ್ತಿಕೊಂಡು. ಮನೆತನದ ಹೆಸರು, ವಯಸ್ಸು, ಹಾಲು ಉಳಿದುಹೋದವು. ಮರುವಾರವೇ ನಿಮ್ಮ ಗ್ರೈಂಡರ್ ಬಂತು. ಮೂವತ್ತು ವರ್ಷ ನೀರು ಬಸಿಯಲು ಸಿಬ್ಬಂದಿ ಸಿಗದ ಕಚೇರಿಗೆ ಒಂದು ಹೆಸರು ಅಳಿಸಲು ಸಿಬ್ಬಂದಿ ಎಷ್ಟು ಬೇಗ ಸಿಕ್ಕಿತು ಎಂದು ಊರಿಗೆ ಊರೇ ಬೆರಗಾಯಿತು.

ಅದರ ಜೊತೆಗೆ ನಿಮ್ಮದೊಂದು ಔದಾರ್ಯವೂ ಬಂತು. ಟ್ಯಾಂಕಿನಿಂದ ದೂರದಲ್ಲಿ, ಕಸದ ಡಬ್ಬಿಯ ಪಕ್ಕ, "ಹೋರಾಟದ ಸಂದರ್ಭದಲ್ಲಿ ಪ್ರಾಣ ಕಳೆದುಕೊಂಡ ನಾಗರಿಕರ ಸ್ಮರಣಾರ್ಥ" ಎಂಬ ಕಂಚಿನ ಫಲಕ ಹಾಕಿಸುತ್ತೀರಂತೆ. ಪ್ರಾಣ ಕಳೆದುಕೊಂಡ! ಕೊಡೆ ಕಳೆದುಕೊಳ್ಳುತ್ತಾರಲ್ಲ, ಹಾಗೆ. ಅತ್ತೆ ಏನನ್ನೂ ಕಳೆದುಕೊಳ್ಳಲಿಲ್ಲ, ನಿರ್ದೇಶಕರೇ. ಅವಳಿಂದ ಕಿತ್ತುಕೊಂಡರು. ಕಿತ್ತುಕೊಂಡವರು ಇಂಥವರು, ಕಿತ್ತುಕೊಂಡ ವಸ್ತು ಇದು, ಕಿತ್ತುಕೊಂಡದ್ದು ಇಲ್ಲಿ. ಇದನ್ನು ಹೇಳಲು ಕಂಚು ಬೇಡ. ಹೇಳಬಾರದು ಎಂದಿದ್ದರೆ ಮಾತ್ರ ಕಂಚು ಬೇಕಾಗುತ್ತದೆ.

ಆದ್ದರಿಂದ ನನ್ನ ಬೇಡಿಕೆ. ಒಳಗಿನ ನೀರನ್ನು ಬಸಿಯಿರಿ, ತಳ ಉದುರುವ ಮೊದಲೇ. ಶಿಲುಬೆ ಮತ್ತು ಬಳೆಗಳನ್ನು ತೆಗೆಸಿ, ಗ್ರೈಂಡರ್ ಹೇಗೂ ನಿಮ್ಮ ಬಳಿಯೇ ಇದೆ. ಅತ್ತೆಯ ಸಾಲನ್ನು ಇದ್ದ ಜಾಗದಲ್ಲೇ, ಇದ್ದ ಮಾತಿನಲ್ಲೇ, ಬೆಸುಗೆಯಲ್ಲೇ ಮತ್ತೆ ಬರೆಸಿ. ಇಷ್ಟು ಮಾಡಲು ನಿಮ್ಮ ನಿಯಮ ಅಡ್ಡ ಬಂದರೆ ಆ ಟ್ಯಾಂಕನ್ನೇ ಕತ್ತರಿಸಿ ಕರಗಿಸಿಬಿಡಿ. ನಾನು ಸಂಕಟಪಡುವುದಿಲ್ಲ. ಅತ್ತೆಯ ಹೆಸರಿಲ್ಲದ ಆ ಟ್ಯಾಂಕು ಬರೀ ಹುಲಿ. ಹುಲಿಯನ್ನು ಕಾಯುತ್ತೇವೆಂದು ಮಾರ್ಲಿಯೆಯ ಜನ ಯಾರಿಗೂ ಮಾತು ಕೊಟ್ಟಿಲ್ಲ.

ಇನ್ನೊಂದು ವಿಷಯ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದ ಆರೋಪದ ಮೇಲೆ ನವೆಂಬರಿನಲ್ಲಿ ನನ್ನನ್ನು ನ್ಯಾಯಾಲಯಕ್ಕೆ ಕರೆದಿದ್ದೀರಿ. ಬರುತ್ತೇನೆ. ಮಾಡಿದ್ದೇನೆಂದು ಒಪ್ಪಿಕೊಳ್ಳುತ್ತೇನೆ, ವಕೀಲರು ಬೇಡ. ಆದರೆ ನಿಮ್ಮ ದೂರಿನಲ್ಲಿ ನಾನು "ಅರ್ಥವಿಲ್ಲದ ಗೀಚುಬರಹ" ಮಾಡಿದೆನೆಂದು ಬರೆದಿದೆ. ಅದನ್ನು ಮಾತ್ರ ತಿದ್ದಬೇಕು. ಏನು ಗೀಚಿದೆನೋ ಅದನ್ನೇ, ಅಕ್ಷರ ಬಿಡದೆ ಬರೆಯಿರಿ. ನ್ಯಾಯಾಧೀಶರು ಆರೋಪವನ್ನು ಗಟ್ಟಿಯಾಗಿ ಓದುವಾಗ ಅತ್ತೆಯ ಹೆಸರನ್ನು ಓದಬೇಕು. ಓದುವಾಗ ಎಲ್ಲರೂ ಎದ್ದು ನಿಂತಿರುತ್ತಾರಂತೆ.

ಇಂತಿ,
ನಿಮ್ಮ ಸ್ಮಾರಕದ ಅಂದ ಕೆಡಿಸಿದ, ಕೈಬರಹ ಕೆಟ್ಟದಾಗಿರುವ,
ಜಿಸ್ಲೇನ್ ಲೆಕೂರ್
ನಿವೃತ್ತ ಕ್ಷೌರಗಾರ್ತಿ, ಮಾರ್ಲಿಯೆ
(ಹಂದಿಯ ಹತ್ತಿರ ಎಡಕ್ಕೆ, ಮೂರನೇ ಮನೆ)